ಓಡಿಸಲಾಗದ ಭೂತ: ‘ಮಾನ್‌ಸ್ಟರ್’ ಕಿರುಚಿತ್ರ ಮತ್ತು ಕುಟುಂಬದ ಒಳಗಾಯ

೧

ಭಯವನ್ನು ವಸ್ತುವಾಗಿಸಿಕೊಂಡ ಕಥನಗಳಲ್ಲಿ ಮನೆಗೆ ಸಾಮಾನ್ಯವಾಗಿ ಒಂದು ನಿಶ್ಚಿತವಾದ ಸ್ಥಾನವಿರುತ್ತದೆ. ಅಪಾಯ ಹೊರಗೆ, ಆಸರೆ ಒಳಗೆ. ಇವೆರಡರ ನಡುವಿನ ಗೆರೆ ಹೊಸ್ತಿಲು. ಹುಣಸೆಮರದ ದೆವ್ವವಾಗಲಿ, ಊರಾಚೆಯ ಸ್ಮಶಾನದ ಪ್ರೇತವಾಗಲಿ, ಹಾಳು ಬಂಗಲೆಯ ಮೋಹಿನಿಯಾಗಲಿ ಹೊರಗಿನಿಂದ ಬಂದು ಮನೆಯವರನ್ನು ಹಿಡಿಯುವ ಶಕ್ತಿಗಳಾಗಿಯೇ ಚಿತ್ರಿತವಾಗುತ್ತವೆ. ಇದರಿಂದ ಕಥೆಯ ಅಂತ್ಯವೂ ಮೊದಲೇ ನಿರ್ಧಾರವಾಗಿರುತ್ತದೆ. ಹೊರಗಿನಿಂದ ಬಂದದ್ದನ್ನು ಹೊರಕ್ಕೆ ಅಟ್ಟಬೇಕು. ಮಂತ್ರವಾದಿ, ಅರ್ಚಕ, ಪಾದ್ರಿ, ವೈದ್ಯ ಇವರಲ್ಲಿ ಯಾರಾದರೊಬ್ಬರು ಆ ಕೆಲಸವನ್ನು ನೆರವೇರಿಸುತ್ತಾರೆ. ಕುಟುಂಬ ಮತ್ತೆ ಮೊದಲಿನಂತಾಗುತ್ತದೆ. ಆದರೆ ಅದು ಮೊದಲು ಹೇಗಿತ್ತು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಆಸ್ಟ್ರೇಲಿಯಾದ ನಿರ್ದೇಶಕಿ ಜೆನಿಫರ್ ಕೆಂಟ್ ಅವರ ‘ಮಾನ್‌ಸ್ಟರ್’ (೨೦೦೫) ಎಂಬ ಕಿರುಚಿತ್ರ ಮುಖ್ಯವೆನಿಸುವುದು ಈ ಪ್ರಶ್ನೆಯ ಕಾರಣದಿಂದ. ಸುಮಾರು ಹತ್ತು ನಿಮಿಷಗಳ, ಕಪ್ಪು-ಬಿಳುಪಿನ ಈ ಚಿತ್ರದಲ್ಲಿ ಒಬ್ಬ ತಾಯಿ, ಒಬ್ಬ ಮಗ, ಒಂದು ಬೊಂಬೆ ಮತ್ತು ಒಂದು ಮನೆಯನ್ನು ಬಿಟ್ಟರೆ ಹೆಚ್ಚಿನದೇನೂ ಇಲ್ಲ. ಒಂಬತ್ತು ವರ್ಷಗಳ ನಂತರ ಕೆಂಟ್ ಇದೇ ಬೀಜವನ್ನು ಬೆಳೆಸಿ ‘ದಿ ಬಾಬಾಡೂಕ್’ (೨೦೧೪) ಎಂಬ ಪೂರ್ಣಪ್ರಮಾಣದ ಚಿತ್ರವನ್ನು ನಿರ್ಮಿಸಿದರು. ೨೦೧೪ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಆ ಚಿತ್ರ ಜಗತ್ತಿನಾದ್ಯಂತ ಚರ್ಚೆಗೆ ಒಳಗಾಯಿತು. ಅದರ ಪ್ರಖ್ಯಾತಿಯ ನೆರಳಿನಲ್ಲಿ ಕಿರುಚಿತ್ರ ಒಂದು ಪೂರ್ವಸಿದ್ಧತೆಯ ಅಭ್ಯಾಸವೆಂಬಂತೆ ಹಿಂದೆ ಸರಿಯಿತು. ಸ್ವತಃ ಕೆಂಟ್ ಅದನ್ನು ‘ಬೇಬಿ ಬಾಬಾಡೂಕ್’ ಎಂದು ಕರೆದದ್ದುಂಟು. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಕಿರುಚಿತ್ರವೇ ಮೂಲಭೂತವಾದ ಒಂದು ನಿಲುವನ್ನು ಸ್ಥಾಪಿಸಿದೆ ಎಂಬುದು ಸ್ಪಷ್ಟವಾಗುತ್ತದೆ. ಕುಟುಂಬದ ಗಾಯವನ್ನು ಎದುರಿಸುವುದೆಂದರೆ ಅದನ್ನು ನಾಶಮಾಡುವುದಲ್ಲ. ಅದು ತನ್ನದೆಂದು ಒಪ್ಪಿ, ಅದಕ್ಕೊಂದು ಜಾಗವನ್ನೂ ಒಂದು ಮಿತಿಯನ್ನೂ ಗೊತ್ತುಮಾಡುವುದು ಎಂಬುದೇ ಆ ನಿಲುವು. ಈ ನಿಲುವಿನ ಬಲವೇನು, ಅದರ ಅಪಾಯವೇನು ಎಂಬೆರಡನ್ನೂ ಪರಿಶೀಲಿಸುವುದು ಅಗತ್ಯ.

೨

‘ಮಾನ್‌ಸ್ಟರ್’ ಚಿತ್ರದ ಕಥಾವಸ್ತು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕದು. ಒಂಟಿ ತಾಯಿಯೊಬ್ಬಳ ಮಗ ಮನೆಯೊಳಗೆ ಭೂತವಿದೆಯೆಂದು ಹೆದರುತ್ತಾನೆ. ಅದನ್ನು ನಂಬದ ತಾಯಿಗೆ ಕೊನೆಗೆ ಆ ಭೂತ ತನ್ನ ಕಣ್ಣೆದುರೇ ಕಾಣಿಸುತ್ತದೆ. ಅವಳು ಅದಕ್ಕೆ ಎದುರಾಗಿ ನಿಲ್ಲುತ್ತಾಳೆ. ಗೆಳತಿಯೊಬ್ಬಳ ಮಗು ಮನೆಯಲ್ಲಿ ಎಲ್ಲೆಲ್ಲೂ ಒಂದು ಭಯಾನಕ ಆಕೃತಿಯನ್ನು ಕಾಣುತ್ತಿದ್ದ ಸಂಗತಿಯಿಂದ ಈ ಚಿತ್ರದ ಕಲ್ಪನೆ ಹುಟ್ಟಿತೆಂದು ಕೆಂಟ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಮಗು ಕಾಣುತ್ತಿರುವುದು ಯಾವುದೋ ಒಂದು ನೆಲೆಯಲ್ಲಿ ನಿಜವಾಗಿದ್ದರೆ ಏನು ಎಂಬ ಊಹೆಯಿಂದ ಅವರು ಹೊರಟರು. ಈ ಊಹೆಯೇ ಚಿತ್ರದ ನೈತಿಕ ಕೇಂದ್ರ. ಮಕ್ಕಳ ಭಯವನ್ನು ಹಿರಿಯರು ಎರಡು ರೀತಿಯಲ್ಲಿ ತಳ್ಳಿಹಾಕುವುದು ರೂಢಿ: ಒಂದು, ನಕ್ಕು, ಇನ್ನೊಂದು, ಗದರಿ. ಚಿತ್ರ ಇವೆರಡನ್ನೂ ಬಿಟ್ಟು ಮೂರನೆಯದೊಂದನ್ನು ಹುಡುಕುತ್ತದೆ. ಮಗು ಸುಳ್ಳು ಹೇಳುತ್ತಿಲ್ಲ, ಮನೆಯಲ್ಲಿ ಇರುವುದನ್ನೇ ಹೇಳುತ್ತಿದೆ. ಹಿರಿಯರು ನೋಡಲೊಪ್ಪದ್ದನ್ನು ಅದು ನೋಡುತ್ತಿದೆ ಎಂಬುದು ಆ ಮೂರನೆಯ ದಾರಿ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಚಿತ್ರ ಈ ಕುಟುಂಬದ ಪೂರ್ವವೃತ್ತಾಂತವನ್ನು ಬಿಡಿಸಿ ಹೇಳುವುದಿಲ್ಲ. ತಂದೆಯ ಗೈರುಹಾಜರಿ ಒಂದು ಸ್ಥಿತಿಯಾಗಿ ಮಾತ್ರ ಇದೆ, ಒಂದು ಕಥೆಯಾಗಿ ಇಲ್ಲ. ಸಣ್ಣಕತೆ ಮತ್ತು ಕಾದಂಬರಿಗಳ ವ್ಯತ್ಯಾಸವನ್ನು ಬಲ್ಲ ಓದುಗರಿಗೆ ಈ ಮೌನದ ಸ್ವರೂಪ ಅಪರಿಚಿತವಲ್ಲ. ಕಾದಂಬರಿ ಕಾರಣಗಳನ್ನು ಕೂಡಿಸುತ್ತಾ ಹೋಗುತ್ತದೆ. ಸಣ್ಣಕತೆ ಪರಿಣಾಮದ ಒಂದು ಕ್ಷಣವನ್ನು ಹಿಡಿದು ನಿಲ್ಲಿಸುತ್ತದೆ. ಕುಟುಂಬದ ಗಾಯವನ್ನು ಹೊತ್ತವರ ಅನುಭವವೂ ಬಹುಮಟ್ಟಿಗೆ ಎರಡನೆಯ ಬಗೆಯದು. ಗಾಯದ ಕಾರಣ ಅವರಿಗೆ ಕ್ರಮಬದ್ಧ ಕಥೆಯಾಗಿ ಲಭ್ಯವಿರುವುದಿಲ್ಲ. ಅದು ಒಂದು ಕತ್ತಲೆಯ ಮೂಲೆಯಾಗಿ, ತೆರೆಯಲಾಗದ ಬಾಗಿಲಾಗಿ, ಇಂಥದೇ ಹೊತ್ತಿಗೆ ಬರುವ ನಡುಕವಾಗಿ ಇರುತ್ತದೆ. ಆದ್ದರಿಂದ ಕಿರುಚಿತ್ರದ ಮೌನವನ್ನು ಕೇವಲ ಅವಧಿಯ ಮಿತಿಯೆಂದು ತಿಳಿಯಬೇಕಾಗಿಲ್ಲ. ವಸ್ತುವಿಗೆ ತಕ್ಕ ರೂಪವಾಗಿಯೂ ಅದು ಕೆಲಸ ಮಾಡುತ್ತದೆ.

ಚಿತ್ರದ ನಿರ್ಣಾಯಕ ಗಳಿಗೆಯಲ್ಲಿ ತಾಯಿ ಆಯುಧವನ್ನು ಹಿಡಿಯುವುದಿಲ್ಲ, ಮಂತ್ರವನ್ನು ಹೇಳುವುದಿಲ್ಲ, ಯಾರನ್ನೂ ಕೂಗಿ ಕರೆಯುವುದಿಲ್ಲ. ಹಟಮಾರಿ ಮಗುವನ್ನು ಗದರಿಸುವ ಧ್ವನಿಯಲ್ಲೇ ಅವಳು ಭೂತವನ್ನು ಗದರಿಸುತ್ತಾಳೆ. ಭೂತ ಸಾಯುವುದಿಲ್ಲ. ಅದು ಮನೆಯ ಕತ್ತಲಿಗೆ ಹಿಂತಿರುಗುತ್ತದೆ. ಮೇಲ್ನೋಟಕ್ಕೆ ತಮಾಷೆಯಾಗಿ ಕಾಣುವ ಈ ಕ್ರಿಯೆಯಲ್ಲಿ ಆಳವಾದ ಅರ್ಥವಿದೆ. ಗದರಿಸುವುದು ಸಂಬಂಧದ ಒಂದು ರೂಪ. ಅಪರಿಚಿತರನ್ನು ಯಾರೂ ಹಾಗೆ ಗದರಿಸುವುದಿಲ್ಲ. ಭೂತವನ್ನು ಮನೆಯ ಮಗುವಿನಂತೆ ಗದರಿಸಿದ ಕ್ಷಣದಲ್ಲೇ ತಾಯಿ ಅದನ್ನು ಮನೆಯದೆಂದು ಒಪ್ಪಿಕೊಂಡಂತಾಗುತ್ತದೆ.

ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಈ ಪಲ್ಲಟವನ್ನು ಇನ್ನಷ್ಟು ಖಚಿತವಾಗಿ ವಿವರಿಸಬಹುದು. ಭರತನ ನಾಟ್ಯಶಾಸ್ತ್ರ ಭಯವನ್ನು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸೇರಿದ ಭಾವವೆಂದು ಹೇಳುತ್ತದೆ. ಅಂದರೆ ಹೆದರುವುದು ಹೆಣ್ಣಿನ ಪಾಲು, ಹೆದರಿಕೆಯನ್ನು ನಿವಾರಿಸುವುದು ಉತ್ತಮಪ್ರಕೃತಿಯ ಪುರುಷನ ಪಾಲು. ಜನಪ್ರಿಯ ಭಯಾನಕ ಚಿತ್ರಗಳು ತಿಳಿದೋ ತಿಳಿಯದೆಯೋ ಈ ಹಂಚಿಕೆಯನ್ನೇ ಮುಂದುವರಿಸಿಕೊಂಡು ಬಂದಿವೆ. ‘ಮಾನ್‌ಸ್ಟರ್’ ಈ ಹಂಚಿಕೆಯನ್ನು ಮುರಿಯುತ್ತದೆ. ಹೆದರಿದವಳೇ ಕ್ರುದ್ಧಳಾಗುತ್ತಾಳೆ. ನಾಟ್ಯಶಾಸ್ತ್ರವೇ ರೌದ್ರದಿಂದ ಕರುಣವೂ ಬೀಭತ್ಸದಿಂದ ಭಯಾನಕವೂ ಹುಟ್ಟುತ್ತವೆಂದು ಹೇಳಿರುವುದನ್ನು ಇಲ್ಲಿ ನೆನೆಯಬಹುದು. ಚಿತ್ರದ ನಡೆ ಭಯದಿಂದ ಕ್ರೋಧಕ್ಕೆ, ಕ್ರೋಧದಿಂದ ಶೋಕಕ್ಕೆ. ಅಳಲು ಬಾರದವಳಿಗೆ ಮೊದಲು ಸಿಟ್ಟಾಗುವ ಹಕ್ಕು ಬೇಕಿತ್ತು ಎಂಬುದನ್ನು ಚಿತ್ರ ಯಾವ ವ್ಯಾಖ್ಯಾನವೂ ಇಲ್ಲದೆ ಕಾಣಿಸುತ್ತದೆ.

೩

‘ದಿ ಬಾಬಾಡೂಕ್’ ಈ ಮೌನಕ್ಕೆ ಕಾರಣವನ್ನು ಒದಗಿಸುತ್ತದೆ. ಅಮೀಲಿಯಾ ಎಂಬ ಹೆಂಗಸು ವೃದ್ಧರ ಆರೈಕೆಯ ನಿಲಯವೊಂದರಲ್ಲಿ ಕೆಲಸ ಮಾಡುತ್ತಾ ಮಗ ಸ್ಯಾಮ್ಯುಯೆಲ್‌ನನ್ನು ಬೆಳೆಸುತ್ತಿದ್ದಾಳೆ. ಹೆರಿಗೆಗೆಂದು ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ನಡೆದ ಕಾರು ಅಪಘಾತದಲ್ಲಿ ಗಂಡ ತೀರಿಕೊಂಡಿದ್ದಾನೆ. ಹೀಗಾಗಿ ಮಗನ ಹುಟ್ಟಿದ ದಿನವೂ ಗಂಡನ ಸಾವಿನ ದಿನವೂ ಒಂದೇ. ಆ ದಿನ ಹುಟ್ಟುಹಬ್ಬವನ್ನು ಆಚರಿಸುವ ಪದ್ಧತಿ ಆ ಮನೆಯಲ್ಲಿ ಇಲ್ಲ. ಗಂಡನ ಬಟ್ಟೆಬರೆ, ಸಾಮಾನುಗಳನ್ನೆಲ್ಲ ನೆಲಮಾಳಿಗೆಯಲ್ಲಿಟ್ಟು ಬೀಗ ಹಾಕಲಾಗಿದೆ. ಒಂದು ರಾತ್ರಿ ಎಲ್ಲಿಂದಲೋ ಬಂದ ಮಕ್ಕಳ ಚಿತ್ರಪುಸ್ತಕವೊಂದು ಮಗನ ಕೈಗೆ ಸಿಗುತ್ತದೆ. ಅದರೊಳಗಿನ ಉದ್ದ ಕೋಟು, ಎತ್ತರದ ಟೊಪ್ಪಿಗೆಯ ಆಕೃತಿ ಪುಟದಿಂದ ಮನೆಗೆ ಇಳಿಯುತ್ತದೆ. ತಾಯಿ ಪುಸ್ತಕವನ್ನು ಹರಿದು ಎಸೆದರೆ ಅದು ಮತ್ತೆ ಅಂಟಿಸಿಕೊಂಡು ಬಾಗಿಲ ಮುಂದೆ ಬಂದು ಕೂರುತ್ತದೆ. ಈ ಬಾರಿ ಅದರಲ್ಲಿ ಹೊಸ ಪುಟಗಳಿವೆ: ತಾಯಿಯೇ ನಾಯಿಯನ್ನು ಕೊಲ್ಲುವ, ಮಗನನ್ನು ಕೊಲ್ಲುವ, ತನ್ನನ್ನೇ ಕೊಂದುಕೊಳ್ಳುವ ಚಿತ್ರಗಳು.

ಕಾರಣವನ್ನು ಹೇಳಿದ ಮಾತ್ರಕ್ಕೆ ಕೃತಿ ಆಳವಾಗುವುದಿಲ್ಲ. ಅಪಘಾತದ ವಿವರ ಸಿಕ್ಕೊಡನೆ ಪ್ರೇಕ್ಷಕ ‘ಓಹೋ, ಇದು ಗಂಡನ ಸಾವಿನ ದುಃಖ’ ಎಂದು ಸಮೀಕರಣ ಮಾಡಿ ನಿಶ್ಚಿಂತನಾಗುವ ಸಾಧ್ಯತೆಯಿದೆ. ಕಿರುಚಿತ್ರ ಪ್ರೇಕ್ಷಕನಿಗೆ ಈ ನಿಶ್ಚಿಂತೆಯನ್ನು ಕೊಡುವುದಿಲ್ಲ. ಈ ದೃಷ್ಟಿಯಿಂದ ಹತ್ತು ನಿಮಿಷದ ಕೃತಿಯೇ ಹೆಚ್ಚು ಕಟುವಾದದ್ದು. ಆದರೆ ದೀರ್ಘಚಿತ್ರ ಮತ್ತೊಂದು ದಿಕ್ಕಿನಲ್ಲಿ ಕಿರುಚಿತ್ರ ಹೋಗದಷ್ಟು ದೂರ ಹೋಗುತ್ತದೆ ಎಂಬುದನ್ನೂ ಒಪ್ಪಬೇಕು. ಅಲ್ಲಿ ಭೂತ ತಾಯಿಯ ಎದುರಿಗೆ ನಿಲ್ಲುವುದಷ್ಟೇ ಅಲ್ಲ, ಅವಳ ಒಳಗೆ ಹೊಗುತ್ತದೆ. ಅಮೀಲಿಯಾ ಮನೆಯ ನಾಯಿಯನ್ನು ಕೊಲ್ಲುತ್ತಾಳೆ. ಮಗನ ಕುತ್ತಿಗೆಗೆ ಕೈ ಹಾಕುತ್ತಾಳೆ. ಗಂಡನ ಬದಲು ನೀನೇ ಸಾಯಬಾರದಿತ್ತೇ ಎಂಬ ಭಾವವನ್ನು ಮಗನ ಮುಂದೆಯೇ ಹೊರಗೆಡಹುತ್ತಾಳೆ. ತಾಯ್ತನದ ಬಗೆಗಿನ ಪವಿತ್ರ ಕಲ್ಪನೆಗಳನ್ನೆಲ್ಲ ಚಿತ್ರ ಈ ದೃಶ್ಯಗಳಲ್ಲಿ ಒಡೆದುಹಾಕುತ್ತದೆ. ಹೆತ್ತ ಮಗುವನ್ನು ಪ್ರೀತಿಸುವವಳೇ ದ್ವೇಷಿಸಲೂಬಹುದು, ಎರಡೂ ಒಂದೇ ಎದೆಯಲ್ಲಿ ಒಟ್ಟಿಗೆ ಇರಬಹುದು ಎಂಬ ಸತ್ಯವನ್ನು ಕೌಟುಂಬಿಕ ಭಾವುಕ ಚಿತ್ರಗಳು ಹೇಳಲಾರವು. ಅಲ್ಲಿ ಕೆಟ್ಟ ತಾಯಿಗೆ ಮಲತಾಯಿಯ ವೇಷವನ್ನೇ ಹಾಕಬೇಕಾಗುತ್ತದೆ. ಭಯಾನಕ ಪ್ರಕಾರಕ್ಕೆ ಮಾತ್ರ ಹೆತ್ತ ತಾಯಿಯ ಮುಖದಲ್ಲೇ ಭೂತವನ್ನು ತೋರಿಸುವ ಸ್ವಾತಂತ್ರ್ಯವಿದೆ. ಕೀಳು ಅಭಿರುಚಿಯದೆಂದು ವಿಮರ್ಶೆ ಬಹುಕಾಲ ಬದಿಗಿಟ್ಟ ಒಂದು ಪ್ರಕಾರ ಗಂಭೀರ ಪ್ರಕಾರಗಳು ಮುಟ್ಟಲಾಗದ ನೆಲೆಯನ್ನು ಮುಟ್ಟಿದೆ ಎಂಬುದು ಇಲ್ಲಿನ ಮುಖ್ಯ ಸಂಗತಿ.

ಚಿತ್ರದ ಅಂತ್ಯವಂತೂ ಕಿರುಚಿತ್ರದ ನಿಲುವಿನ ಪೂರ್ಣ ವಿಸ್ತರಣೆ. ಅಮೀಲಿಯಾಳ ಗರ್ಜನೆಗೆ ಕುಸಿದ ಭೂತ ನೆಲಮಾಳಿಗೆಗೆ ಸೇರಿಕೊಳ್ಳುತ್ತದೆ. ಮಗನ ಹುಟ್ಟುಹಬ್ಬವನ್ನು ಮೊದಲ ಬಾರಿಗೆ ಅದೇ ದಿನ ಆಚರಿಸುವ ಸಿದ್ಧತೆ ನಡೆಯುತ್ತದೆ. ತಾಯಿ ಮಗ ಕೂಡಿ ಹಿತ್ತಲಲ್ಲಿ ಎರೆಹುಳುಗಳನ್ನು ಆರಿಸುತ್ತಾರೆ. ತಾಯಿ ಅವುಗಳನ್ನು ಬಟ್ಟಲಿನಲ್ಲಿಟ್ಟುಕೊಂಡು ನೆಲಮಾಳಿಗೆಗೆ ಇಳಿದು ಭೂತಕ್ಕೆ ಉಣಿಸುತ್ತಾಳೆ. ಅದು ಮೇಲೆರಗಿ ಬಂದಾಗ ಮಗುವನ್ನು ಸಂತೈಸುವ ದನಿಯಲ್ಲಿ ಅದನ್ನು ಸಮಾಧಾನಪಡಿಸುತ್ತಾಳೆ. ಇದು ವಿಜಯದ ಅಂತ್ಯವಲ್ಲ, ಸೋಲಿನ ಅಂತ್ಯವೂ ಅಲ್ಲ. ಇದೊಂದು ದಿನಚರಿಯ ಆರಂಭ.

೪

ಈ ಅಂತ್ಯವನ್ನು ಅರ್ಥಮಾಡಿಕೊಳ್ಳಲು ಮನೋವಿಶ್ಲೇಷಣೆಯ ಕೆಲವು ಪರಿಕಲ್ಪನೆಗಳು ನೆರವಾಗುತ್ತವೆ. ಸಿಗ್ಮಂಡ್ ಫ್ರಾಯ್ಡ್ ೧೯೧೭ರ ತನ್ನ ಪ್ರಬಂಧವೊಂದರಲ್ಲಿ ಶೋಕಾಚರಣೆಗೂ ವಿಷಣ್ಣತೆಗೂ ಇರುವ ವ್ಯತ್ಯಾಸವನ್ನು ಗುರುತಿಸಿದ. ಶೋಕದಲ್ಲಿ ಕಳೆದುಕೊಂಡದ್ದು ಏನೆಂದು ಗೊತ್ತಿರುತ್ತದೆ. ಕ್ರಮೇಣ ಮನಸ್ಸು ಅದರಿಂದ ಬಿಡಿಸಿಕೊಳ್ಳುತ್ತದೆ. ವಿಷಣ್ಣತೆಯಲ್ಲಿ ಕಳೆದುಕೊಂಡದ್ದರ ನೆರಳು ವ್ಯಕ್ತಿಯ ಮೇಲೆಯೇ ಬೀಳುತ್ತದೆ. ಸತ್ತವರ ಮೇಲಿನ ಸಿಟ್ಟು ತನ್ನ ಮೇಲಿನ ಸಿಟ್ಟಾಗಿ ತಿರುಗುತ್ತದೆ. ೧೯೧೯ರಲ್ಲಿ ಪ್ರಕಟವಾದ ಮತ್ತೊಂದು ಪ್ರಬಂಧದಲ್ಲಿ ಆತ ಪರಿಚಿತವಾದದ್ದೇ ಅಪರಿಚಿತವಾಗಿ ಮರಳಿ ಬಂದಾಗ ಉಂಟಾಗುವ ವಿಲಕ್ಷಣ ಭೀತಿಯನ್ನು ವಿವರಿಸಿದ. ಮನೆಗೆ ಸಂಬಂಧಿಸಿದ ಜರ್ಮನ್ ಪದವೇ ತನ್ನ ವಿರುದ್ಧಾರ್ಥಕ್ಕೆ ಜಾರುವ ಬಗೆಯನ್ನು ಅವನು ಅಲ್ಲಿ ತೋರಿಸಿರುವುದು ಪ್ರಸ್ತುತ ಚರ್ಚೆಗೆ ಅತ್ಯಂತ ಹತ್ತಿರವಾದದ್ದು.

ಹಂಗೇರಿ ಮೂಲದ ಫ್ರೆಂಚ್ ಮನೋವಿಶ್ಲೇಷಕರಾದ ನಿಕೊಲಾ ಅಬ್ರಹಾಂ ಮತ್ತು ಮಾರಿಯಾ ಟೊರೊಕ್ ಈ ಚಿಂತನೆಯನ್ನು ಕುಟುಂಬದ ನೆಲೆಗೆ ತಂದರು. ಅಳಲಾಗದೆ ಉಳಿದ ಸಾವನ್ನು ಮನಸ್ಸು ತನ್ನೊಳಗೇ ಒಂದು ನೆಲಗೋರಿ ಕಟ್ಟಿ ಮುಚ್ಚಿಡುತ್ತದೆ ಎಂಬುದು ಅವರ ಒಂದು ವಾದ. ಒಂದು ತಲೆಮಾರು ಮುಚ್ಚಿಟ್ಟ ಗುಟ್ಟು ಮುಂದಿನ ತಲೆಮಾರನ್ನು ಭೂತವಾಗಿ ಕಾಡುತ್ತದೆ, ಕಾಡಿಸಿಕೊಂಡವರಿಗೆ ಆ ಗುಟ್ಟು ಏನೆಂಬುದೇ ತಿಳಿದಿರುವುದಿಲ್ಲ ಎಂಬುದು ಇನ್ನೊಂದು. ಅಮೀಲಿಯಾಳ ಬೀಗ ಹಾಕಿದ ನೆಲಮಾಳಿಗೆ ಮೊದಲನೆಯದಕ್ಕೂ, ತಂದೆಯನ್ನೇ ಕಾಣದ ಮಗನ ಭಯ ಎರಡನೆಯದಕ್ಕೂ ನಿದರ್ಶನಗಳಂತಿವೆ. ಆಸ್ಟ್ರೇಲಿಯಾದವರೇ ಆದ ಬಾರ್ಬರಾ ಕ್ರೀಡ್ ೧೯೯೩ರ ತಮ್ಮ ಗ್ರಂಥದಲ್ಲಿ ಭಯಾನಕ ಚಿತ್ರಗಳು ಹೆಣ್ಣನ್ನು, ಅದರಲ್ಲೂ ತಾಯ್ತನವನ್ನು, ರಾಕ್ಷಸೀಕರಿಸುವ ಕ್ರಮವನ್ನು ವಿಶ್ಲೇಷಿಸಿದ್ದರು. ಕೆಂಟ್ ಅವರ ಚಿತ್ರಗಳು ಆ ಕ್ರಮವನ್ನು ಒಳಗಿನಿಂದ ತಿರುಗಿಸುತ್ತವೆ. ಇಲ್ಲಿ ತಾಯಿಯನ್ನು ಕಂಡು ಹೆದರುವವನು ಪುರುಷ ಪ್ರೇಕ್ಷಕನಲ್ಲ; ತನ್ನನ್ನೇ ಕಂಡು ತಾಯಿ ಹೆದರುತ್ತಾಳೆ.

ಆದರೆ ಈ ಬಗೆಯ ಓದಿನಲ್ಲಿ ಒಂದು ತೊಡಕಿದೆ. ‘ದಿ ಬಾಬಾಡೂಕ್’ ಬಂದ ನಂತರದ ದಶಕದಲ್ಲಿ ಭಯಾನಕ ಚಿತ್ರವೆಂದರೆ ಮಾನಸಿಕ ಆಘಾತದ ರೂಪಕ ಎಂಬ ಸೂತ್ರ ವಿಮರ್ಶೆಯಲ್ಲಿ ಸಿದ್ಧಮಾದರಿಯಾಗಿಬಿಟ್ಟಿದೆ. ಭೂತ ಕಂಡೊಡನೆ ‘ಇದು ದುಃಖ’, ‘ಇದು ಖಿನ್ನತೆ’ ಎಂದು ಚೀಟಿ ಅಂಟಿಸುವುದು ಸುಲಭ. ಚೀಟಿ ಅಂಟಿಸಿದ ಮೇಲೆ ಭೂತದ ಕೆಲಸವೇ ಮುಗಿದಂತೆ. ಕೆಂಟ್ ಅವರ ಊಹೆಯನ್ನು ಇಲ್ಲಿ ಮತ್ತೆ ನೆನೆಯಬೇಕು: ಮಗು ಕಾಣುತ್ತಿರುವುದು ನಿಜವಾಗಿದ್ದರೆ? ಕಿರುಚಿತ್ರದ ಬೊಂಬೆ ದುಃಖದ ಸಂಕೇತವೆಂದು ಹೇಳುವುದು ತಪ್ಪಲ್ಲ, ಆದರೆ ಸಾಲದು. ಸಂಕೇತವನ್ನು ಯಾರೂ ಗದರಿಸಲಾರರು, ಸಂಕೇತಕ್ಕೆ ಯಾರೂ ಉಣಿಸಲಾರರು. ಗದರಿಸಲು, ಉಣಿಸಲು ಅದು ಎದುರಿಗೆ ಇರಬೇಕು, ಅದಕ್ಕೆ ತನ್ನದೇ ಹಸಿವಿರಬೇಕು. ಭಯಾನಕ ಪ್ರಕಾರದ ಶಕ್ತಿ ಇರುವುದು ಒಳಗಿನ ಗಾಯಕ್ಕೆ ಹೊರಗೊಂದು ಮೈಯನ್ನು ಕೊಡುವುದರಲ್ಲಿ. ಆ ಮೈಯನ್ನು ವಿಮರ್ಶೆ ಮತ್ತೆ ಕರಗಿಸಿ ಒಂದು ಪರಿಕಲ್ಪನೆಯನ್ನಾಗಿ ಮಾಡಿದರೆ ಕೃತಿ ದುಡಿದು ಗಳಿಸಿದ್ದನ್ನು ವ್ಯರ್ಥಮಾಡಿದಂತಾಗುತ್ತದೆ.

೫

ದಕ್ಷಿಣ ಭಾರತದ ಪ್ರೇಕ್ಷಕರಿಗೆ ಭೂತ ಮತ್ತು ಮನೋರೋಗಗಳನ್ನು ಒಂದೆಡೆ ತಂದ ಚಿತ್ರವೆಂದರೆ ಮೊದಲು ನೆನಪಾಗುವುದು ಫಾಸಿಲ್ ನಿರ್ದೇಶನದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (೧೯೯೩). ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ (೨೦೦೪) ಅದರ ಕನ್ನಡ ರೂಪ. ಮಲಯಾಳಂ ಚಿತ್ರದ ಗಂಗೆ ಬಾಲ್ಯದಲ್ಲಿ ಹೆತ್ತವರಿಂದ ದೂರವಾಗಿ ಬೆಳೆದವಳು. ಅವಳಲ್ಲಿ ನಾಗವಲ್ಲಿ ಎಂಬ ನರ್ತಕಿ ಆವಾಹನೆಗೊಳ್ಳುವುದರ ಹಿಂದೆ ಆ ಬಾಲ್ಯದ ಒಂಟಿತನವಿದೆ ಎಂಬ ಸೂಚನೆಯನ್ನು ಚಿತ್ರ ಕೊಡುತ್ತದೆ. ಅಂದರೆ ಕುಟುಂಬದ ಗಾಯ ಅಲ್ಲಿಯೂ ಇದೆ. ಆದರೆ ಅದನ್ನು ಎದುರಿಸುವ ಕರ್ತೃತ್ವ ಗಂಗೆಯದಲ್ಲ. ಹೊರಗಿನಿಂದ ಬಂದ ಮನೋವೈದ್ಯ ಒಂದು ನಾಟಕವನ್ನು ಹೂಡುತ್ತಾನೆ. ನಾಗವಲ್ಲಿ ತನ್ನ ಸೇಡು ತೀರಿತೆಂದು ನಂಬಿ ಹೊರಟುಹೋಗುತ್ತಾಳೆ. ಗಂಡನಿಗೆ ಹೆಂಡತಿ ಮರಳಿ ಸಿಗುತ್ತಾಳೆ. ಮಂತ್ರವಾದಿಯ ಜಾಗಕ್ಕೆ ವೈದ್ಯ ಬಂದನಾದರೂ ಉಚ್ಚಾಟನೆಯ ಚೌಕಟ್ಟು ಹಾಗೆಯೇ ಉಳಿಯಿತು. ಕನ್ನಡ ರೂಪದಲ್ಲಿ ಪ್ರೇಕ್ಷಕರ ಗಮನವೆಲ್ಲ ವೈದ್ಯನ ಚಾತುರ್ಯದ ಕಡೆಗೆ ಇನ್ನಷ್ಟು ವಾಲಿತು. ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿಯನ್ನು ತಂದ ಗಂಗೆಯ ಪಾತ್ರ ಮತ್ತು ಕನ್ನಡದಲ್ಲಿ ಸೌಂದರ್ಯ ನಿರ್ವಹಿಸಿದ ಪಾತ್ರ ಎರಡೂ ಅಭಿನಯದ ದೃಷ್ಟಿಯಿಂದ ಸ್ಮರಣೀಯವಾಗಿದ್ದರೂ, ತನ್ನ ಭೂತವನ್ನು ತಾನೇ ನೋಡುವ ಅವಕಾಶ ಆ ಹೆಣ್ಣಿಗೆ ಸಿಗಲಿಲ್ಲ. ಕೆಂಟ್ ಅವರ ತಾಯಂದಿರು ಭಿನ್ನರಾಗುವುದು ಇಲ್ಲಿಯೇ.

ಸಿನಿಮಾದಲ್ಲಿ ಕಾಣದ ಸಾಮ್ಯ ಕರ್ನಾಟಕದ ಆಚರಣೆಗಳಲ್ಲಿ ಕಾಣುತ್ತದೆ ಎಂಬುದು ಕುತೂಹಲಕರ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಕೊಂಡ ಮನೆಯವರಿಗೆ, ಎಲೆ ಹಾಕಿ ಬಡಿಸುವ ಪದ್ಧತಿಯಿದೆ. ಮದುವೆಯಾಗದೆ ಸತ್ತವರ ಕುಲೆಗೆ ಮತ್ತೊಂದು ಮನೆಯ ಕುಲೆಯೊಡನೆ ಮದುವೆ ಮಾಡಿಸುವುದೂ ಉಂಟು. ಹಳೆಯ ಮೈಸೂರು ಭಾಗದಲ್ಲಿ ಪಿತೃಪಕ್ಷದ ವೇಳೆಗೆ ಹಿರಿಯರಿಗೆ ಎಡೆ ಇಡುವಾಗ ಅವರು ಬದುಕಿದ್ದಾಗ ಇಷ್ಟಪಡುತ್ತಿದ್ದ ತಿನಿಸುಗಳನ್ನೇ ಮಾಡಿ ಇಡುತ್ತಾರೆ. ಈ ಆಚರಣೆಗಳ ಹಿಂದಿನ ತಿಳಿವಳಿಕೆ ಉಚ್ಚಾಟನೆಯದಲ್ಲ. ಸತ್ತವರು ಹಸಿದಿರುತ್ತಾರೆ, ಆ ಹಸಿವಿಗೆ ಒಂದು ದಿನ, ಒಂದು ಎಲೆ, ಒಂದು ಮೂಲೆ ಮೀಸಲಿರಬೇಕು. ಹಾಗೆ ಮೀಸಲಿಟ್ಟರೆ ಉಳಿದ ದಿನಗಳು ಬದುಕಿರುವವರದಾಗುತ್ತವೆ ಎಂಬುದು ಅದರ ತಿರುಳು. ಅಮೀಲಿಯಾ ಎರೆಹುಳುಗಳ ಬಟ್ಟಲನ್ನು ಹಿಡಿದು ನೆಲಮಾಳಿಗೆಗೆ ಇಳಿಯುವ ದೃಶ್ಯ ಪಾಶ್ಚಾತ್ಯ ಪ್ರೇಕ್ಷಕರಿಗೆ ವಿಚಿತ್ರವೆನಿಸಿದರೂ ಎಡೆ ಇಡುವ ಮನೆಗಳಲ್ಲಿ ಬೆಳೆದವರಿಗೆ ಅದರ ತರ್ಕ ತಟ್ಟನೆ ತಿಳಿಯುತ್ತದೆ.

ಆದರೆ ಸಾಮ್ಯಕ್ಕಿಂತ ವ್ಯತ್ಯಾಸವೇ ಹೆಚ್ಚು ಮಾತನಾಡುತ್ತದೆ. ಕುಲೆಗೆ ಬಡಿಸುವಾಗ ಇಡೀ ಕುಟುಂಬ ಸೇರಿರುತ್ತದೆ, ತಿಥಿ ಗೊತ್ತಿರುತ್ತದೆ, ಮಾಡುವ ಕ್ರಮವನ್ನು ಬಲ್ಲ ಹಿರಿಯರಿರುತ್ತಾರೆ. ಅಮೀಲಿಯಾಳಿಗೆ ಇದಾವುದೂ ಇಲ್ಲ. ಅವಳ ದುಃಖದ ಕಾಲಾವಧಿ ಮುಗಿಯಿತೆಂದು ಸುತ್ತಲಿನವರು ತೀರ್ಮಾನಿಸಿದ್ದಾರೆ. ಒಡಹುಟ್ಟಿದ ತಂಗಿಯೇ ಅವಳ ಮನೆಗೆ ಬರಲು ಹಿಂಜರಿಯುತ್ತಾಳೆ. ಅವಳು ತನ್ನ ಆಚರಣೆಯನ್ನು ತಾನೇ, ಹೆದರಿ ನಡುಗುತ್ತಾ, ಕಂಡುಹಿಡಿಯಬೇಕಾಗಿದೆ. ಸಮುದಾಯದ ಕೈ ತಪ್ಪಿದ ಶೋಕ ಒಬ್ಬಳ ಮನೆಯೊಳಗೆ ಭೂತವಾಗುತ್ತದೆ ಎಂದು ಈ ಚಿತ್ರಗಳನ್ನು ಓದುವುದು ಸಾಧ್ಯ. ನಗರಗಳ ಸಣ್ಣ ಮನೆಗಳಲ್ಲಿ, ದೂರದೇಶಗಳಲ್ಲಿ ಒಂಟಿಯಾಗಿ ಸಾವನ್ನು ಎದುರಿಸುತ್ತಿರುವ ಕನ್ನಡಿಗರಿಗೂ ಈ ಓದು ಅನ್ವಯಿಸುತ್ತದೆ.

೬

ಹಾಗೆಂದು ಆಚರಣೆಯನ್ನು ಪರಿಹಾರವೆಂದು ಹೊಗಳಿ ಮುಗಿಸುವಂತಿಲ್ಲ. ಸತ್ತವರಿಗೆ ಎಡೆ ಇಡುವ ಮನೆಗಳಲ್ಲೇ ಬದುಕಿರುವವರು ಮಾಡಿದ ಗಾಯಗಳ ಬಗೆಗೆ ಮಾತೇ ಇಲ್ಲದಿರಬಹುದು. ಕುಡಿದು ಬಂದು ಹೊಡೆಯುವ ತಂದೆ, ಮನೆಯೊಳಗೇ ನಡೆದ ಲೈಂಗಿಕ ದೌರ್ಜನ್ಯ, ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಹೋದ ಸಾವುಗಳು ಇವಕ್ಕೆ ಯಾವ ಪಕ್ಷದಲ್ಲೂ ಎಲೆ ಹಾಕುವುದಿಲ್ಲ. ಇಲ್ಲಿಯೇ ಕೆಂಟ್ ಅವರ ನಿಲುವಿನ ಅಪಾಯವೂ ಗೋಚರಿಸುತ್ತದೆ. ಭೂತವನ್ನು ಓಡಿಸಲಾಗದು, ಅದರೊಡನೆ ಬದುಕಬೇಕು ಎಂಬ ಮಾತು ಹೆಣ್ಣುಮಕ್ಕಳಿಗೆ ತಲೆಮಾರುಗಳಿಂದ ಹೇಳುತ್ತಾ ಬಂದಿರುವ ‘ಹೊಂದಿಕೊಂಡು ಹೋಗು’ ಎಂಬ ಉಪದೇಶಕ್ಕೆ ಬಹಳ ಹತ್ತಿರದಲ್ಲಿದೆ. ಅಗಲಿಕೆಯ ಗಾಯ ಬೇರೆ, ಅನ್ಯಾಯದ ಗಾಯ ಬೇರೆ. ಮೊದಲನೆಯದಕ್ಕೆ ಉಣಿಸುವುದು ವಿವೇಕ. ಎರಡನೆಯದಕ್ಕೆ ಉಣಿಸುವುದೆಂದರೆ ಅನ್ಯಾಯವನ್ನು ಸಾಕುವುದು. ಈ ಭೇದದ ಅರಿವು ಕೆಂಟ್ ಅವರಿಗೆ ಇದೆ ಎನ್ನಲು ಅವರ ಮುಂದಿನ ಚಿತ್ರ ‘ದಿ ನೈಟಿಂಗೇಲ್’ (೨೦೧೮) ಸಾಕ್ಷಿ. ೧೮೨೫ರ ಟಾಸ್ಮೇನಿಯಾದಲ್ಲಿ ನಡೆಯುವ ಆ ಕಥೆಯಲ್ಲಿ ಗಂಡನನ್ನೂ ಹಸುಗೂಸನ್ನೂ ಬ್ರಿಟಿಷ್ ಸೈನಿಕರ ಕೈಯಲ್ಲಿ ಕಳೆದುಕೊಂಡ ಐರಿಶ್ ಹೆಣ್ಣು ಅಪರಾಧಿಗಳ ಬೆನ್ನು ಹತ್ತುತ್ತಾಳೆ. ಅಲ್ಲಿ ನೆಲಮಾಳಿಗೆಯಿಲ್ಲ, ಎರೆಹುಳುಗಳ ಬಟ್ಟಲಿಲ್ಲ. ಅಪರಾಧಕ್ಕೆ ಹೆಸರಿದೆ, ಮುಖವಿದೆ. ಎರಡೂ ಚಿತ್ರಗಳನ್ನು ಜೊತೆಯಾಗಿ ನೋಡಿದವರು ಸಹಬಾಳ್ವೆಯನ್ನು ಎಲ್ಲ ಗಾಯಗಳಿಗೂ ಹಚ್ಚುವ ಮದ್ದೆಂದು ತಿಳಿಯಲಾರರು.

ಮತ್ತೊಂದು ಪ್ರಶ್ನೆ ಮಗುವಿನದು. ತಾಯಿಯ ಸಿಟ್ಟಿಗೆ ಮಾತು ಸಿಕ್ಕಿತು, ದುಃಖಕ್ಕೆ ಜಾಗ ಸಿಕ್ಕಿತು. ಆದರೆ ಆ ಸಿಟ್ಟಿನ ಕೈಗಳನ್ನು ತನ್ನ ಕುತ್ತಿಗೆಯ ಮೇಲೆ ಅನುಭವಿಸಿದ ಮಗನ ಗತಿಯೇನು? ಅವನ ಗಾಯ ಹೊಸದು, ಅದನ್ನು ಮಾಡಿದವಳು ತಾಯಿ. ದೀರ್ಘಚಿತ್ರ ಈ ಪ್ರಶ್ನೆಯನ್ನು ಪೂರ್ತಿಯಾಗಿ ಬಿಡಿಸುವುದಿಲ್ಲವೆಂಬ ಆಕ್ಷೇಪದಲ್ಲಿ ಹುರುಳಿದೆ. ಹುಟ್ಟುಹಬ್ಬದ ಬಿಸಿಲಿನಲ್ಲಿ ಮಗನ ಮುಖ ತೀರಾ ಬೇಗ ತಿಳಿಯಾಗುತ್ತದೆ. ಕಿರುಚಿತ್ರವಾದರೋ ತಾಯಿ ಭೂತವನ್ನು ಎದುರಿಸುವುದನ್ನು ತೋರಿಸುತ್ತದೆಯೇ ಹೊರತು ತಾಯಿಯೇ ಭೂತವಾಗುವಷ್ಟು ಮುಂದೆ ಹೋಗದ ಕಾರಣ ಈ ಸಾಲವನ್ನು ಮಾಡಿಕೊಂಡಿಲ್ಲ.

ಆದರೂ ದೀರ್ಘಚಿತ್ರದಲ್ಲಿ ಒಂದು ಸಣ್ಣ ಸಂಭಾಷಣೆ ಈ ಸಾಲದ ಅರಿವನ್ನು ತೋರುತ್ತದೆ. ನೆಲಮಾಳಿಗೆಯಲ್ಲಿರುವುದನ್ನು ತಾನು ಎಂದಾದರೂ ನೋಡಬಹುದೇ ಎಂದು ಮಗ ಕೇಳುತ್ತಾನೆ. ದೊಡ್ಡವನಾದ ಮೇಲೆ ಒಂದು ದಿನ ನೋಡಬಹುದೆಂದು ತಾಯಿ ಹೇಳುತ್ತಾಳೆ. ಅಬ್ರಹಾಂ ಮತ್ತು ಟೊರೊಕ್ ಹೇಳಿದ ಭೂತ ಹುಟ್ಟುವುದು ಗುಟ್ಟಿನಿಂದ. ಏನೂ ಇಲ್ಲವೆಂದು ಹಿರಿಯರು ಹೇಳುವ ಕಡೆಯಲ್ಲೇ ಮಕ್ಕಳು ಭೂತವನ್ನು ಕಾಣುತ್ತಾರೆ. ಅಮೀಲಿಯಾ ಮಗನಿಗೆ ಏನೂ ಇಲ್ಲವೆಂದು ಹೇಳುವುದಿಲ್ಲ, ಎಲ್ಲವನ್ನೂ ಈಗಲೇ ಹೊರು ಎಂದೂ ಹೇಳುವುದಿಲ್ಲ. ಕೆಳಗೆ ಇದೆ, ಅದು ತನ್ನ ಹೊಣೆ, ಕಾಲ ಬಂದಾಗ ಅವನಿಗೂ ತಿಳಿಯುತ್ತದೆ ಎಂದಷ್ಟೇ ಒಪ್ಪಿಕೊಳ್ಳುತ್ತಾಳೆ. ಗಾಯ ಮುಂದಿನ ತಲೆಮಾರಿಗೆ ದಾಟುವುದನ್ನು ಯಾವ ಕುಟುಂಬವೂ ಸಂಪೂರ್ಣವಾಗಿ ತಡೆಯಲಾರದು. ಅದು ಗುಟ್ಟಾಗಿ ದಾಟುತ್ತದೆಯೋ ತಿಳಿವಳಿಕೆಯಾಗಿ ದಾಟುತ್ತದೆಯೋ ಎಂಬುದು ಮಾತ್ರ ಹಿರಿಯರ ಕೈಯಲ್ಲಿದೆ.

ಮನೆಯಲ್ಲಿ ಭೂತವಿದೆ ಎಂದ ಮಗುವಿನ ಮಾತನ್ನು ನಂಬಿ ಎದ್ದು ಹೋಗಿ ನೋಡಿದ ತಾಯಿಯ ಕಥೆ ‘ಮಾನ್‌ಸ್ಟರ್’. ಕುಟುಂಬವನ್ನು ಪ್ರಶ್ನಾತೀತ ಆಸರೆಯೆಂದು ಪೂಜಿಸುವ ಸಮಾಜಗಳಲ್ಲಿ ಇಷ್ಟು ಮಾಡುವುದಕ್ಕೂ ಧೈರ್ಯ ಬೇಕು. ಅಂಥ ಸಮಾಜಗಳ ಸಿನಿಮಾ ಇನ್ನೂ ಮಂತ್ರವಾದಿಯನ್ನೋ ವೈದ್ಯನನ್ನೋ ಬಾಗಿಲಲ್ಲಿ ಕಾಯುತ್ತಾ ಕುಳಿತಿದ್ದರೆ, ಹತ್ತು ನಿಮಿಷಗಳ ಈ ಚಿತ್ರ ಅದಕ್ಕೆ ಬೇರೊಂದು ದಾರಿಯನ್ನು ತೋರಿಸಬಲ್ಲದು: ಭೂತದ ಮುಂದೆ ನಿಂತು ಮಾತನಾಡುವವರು ಆ ಮನೆಯವರೇ ಆಗಿರಬೇಕು.